ನಾಮಫಲಕ ಹಾಗೂ ಪೊಟ್ಟಣಗಳಲ್ಲಿ ಕಿರಿದಾದ ದಪ್ಪಕ್ಷರಗಳ ಬಳಕೆ

ವ್ಯಾಪಾರದಲ್ಲಿ ಹೆಸರೇ ಬಂಡವಾಳವೆಂಬ ಮಾತು ನಮ್ಮ ವರ್ತಕರಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ. ಆ ಹೆಸರನ್ನು ಗಿರಾಕಿಯ ಕಣ್ಣಿಗೆ ಮುಟ್ಟಿಸುವುದು ಅಂಗಡಿಯ ಫಲಕ, ಸರಕಿನ ಚೀಲ ಮತ್ತು ಪೊಟ್ಟಣದ ಮೇಲಿನ ಅಕ್ಷರಗಳು. ಅಂಗಡಿಯ ಬಾಡಿಗೆ, ಸರಕಿನ ದರ, ಸಾಗಣೆಯ ವೆಚ್ಚ ಇವುಗಳಲ್ಲಿ ಪೈಸೆ ಪೈಸೆಗೂ ಲೆಕ್ಕ ಹಾಕುವ ನಾವು ಅಕ್ಷರದ ವಿಷಯವನ್ನು ಮಾತ್ರ "ಚೆನ್ನಾಗಿ ಕಾಣುವ ಹಾಗೆ ದಪ್ಪಗೆ ಮಾಡಿ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಈ ಒಂದು ಮಾತಿನಿಂದ ಆಗುವ ನಷ್ಟವನ್ನೂ ಅದನ್ನು ತಪ್ಪಿಸುವ ಬಗೆಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಚರ್ಚಿಸಲಿರುವುದು ಮುದ್ರಣಾಲಯದವರು 'ಬೋಲ್ಡ್ ಕಂಡೆನ್ಸ್ಡ್' ಎಂದು ಕರೆಯುವ ಅಕ್ಷರಗಳನ್ನು. ಗೆರೆ ದಪ್ಪ, ಅಗಲ ಕಡಿಮೆ, ಎತ್ತರ ಹೆಚ್ಚು. ಗೆರೆಯ ತುದಿಯಲ್ಲಿ ಕೊಂಡಿಯಾಗಲಿ ಕುಸುರಿಯಾಗಲಿ ಇರುವುದಿಲ್ಲ. ಇವನ್ನು ಕಿರಿದಾದ ದಪ್ಪಕ್ಷರಗಳೆಂದು ಕರೆಯೋಣ.

ಮೂರು ಊರುಗಳ ಹೆಸರಿನಿಂದ ಒಂದು ಪಾಠ

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದಕವಾಡಿಯ ಹೆಸರನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ಚಂ, ದ, ಕ, ವಾ, ಡಿ ಎಂಬ ಐದು ಅಕ್ಷರಗಳು. ಒತ್ತಕ್ಷರ ಒಂದೂ ಇಲ್ಲ. ಅದರ ಕೆಳಗೆ ಚಾಮರಾಜನಗರ ಎಂದು ಬರೆಯಿರಿ. ಏಳು ಅಕ್ಷರಗಳು; ಇಲ್ಲಿಯೂ ಒತ್ತಕ್ಷರವಿಲ್ಲ. ಮೂರನೆಯದಾಗಿ ಗುಂಡ್ಲುಪೇಟೆ ಎಂದು ಬರೆಯಿರಿ. ಅಕ್ಷರಗಳು ನಾಲ್ಕೇ ಆದರೂ 'ಡ್ಲು' ಎಂಬಲ್ಲಿ ಲಕಾರದ ಒತ್ತು ಸಾಲಿನಿಂದ ಕೆಳಕ್ಕೆ ಇಳಿಯುತ್ತದೆ.

ಈಗ ಮೂರನ್ನೂ ಒಂದೇ ಅಳತೆಯ, ಉದಾಹರಣೆಗೆ ಐದು ಅಡಿ ಅಗಲ ಒಂದು ಅಡಿ ಎತ್ತರದ ಫಲಕದಲ್ಲಿ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಚಾಮರಾಜನಗರವನ್ನು ಸಾಮಾನ್ಯ ಅಕ್ಷರದಲ್ಲಿ ಬರೆದರೆ ಅಗಲ ಮೊದಲು ಮುಗಿಯುತ್ತದೆ. ಮೇಲೆ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಇಲ್ಲಿರುವುದು ಅಗಲದ ಕೊರತೆ. ಗುಂಡ್ಲುಪೇಟೆಯಲ್ಲಿ ಇದು ತಿರುಗುಮುರುಗು. ಅಕ್ಕಪಕ್ಕ ಜಾಗವಿದ್ದರೂ ಒತ್ತಿಗಾಗಿ ಕೆಳಗೆ ಸ್ಥಳ ಬಿಡಬೇಕಾದುದರಿಂದ ಮೂಲಾಕ್ಷರಗಳು ಚಿಕ್ಕದಾಗುತ್ತವೆ. ಇಲ್ಲಿರುವುದು ಎತ್ತರದ ಕೊರತೆ. ಚಂದಕವಾಡಿ ಇವೆರಡರ ನಡುವೆ ನಿಲ್ಲುತ್ತದೆ.

ಕಿರಿದಾದ ಅಕ್ಷರ ಅಗಲವನ್ನು ಉಳಿಸಿ ಎತ್ತರವನ್ನು ಕೊಡುತ್ತದೆ. ಆದಕಾರಣ ಚಾಮರಾಜನಗರದಂಥ ಉದ್ದನೆಯ ಹೆಸರಿಗೆ ಅದು ಬಹಳ ಪ್ರಯೋಜನಕಾರಿ. ಗುಂಡ್ಲುಪೇಟೆಯಂಥ ಹೆಸರಿಗೆ ಅದರಿಂದ ಸಿಗುವ ಲಾಭ ಅತ್ಯಲ್ಪ. ಪಕ್ಕದ ಅಂಗಡಿಯವರು ಹಾಕಿಸಿದರೆಂದು ನಾವೂ ಹಾಕಿಸುವುದು ಇದರಿಂದಲೇ ತಪ್ಪಾಗುತ್ತದೆ. ತಮ್ಮ ಅಂಗಡಿಯ ಹೆಸರಿಗೆ ಅಗಲದ ಕೊರತೆಯೋ ಎತ್ತರದ ಕೊರತೆಯೋ ಎಂಬುದನ್ನು ಪ್ರತಿಯೊಬ್ಬರೂ ಮೊದಲು ನಿರ್ಧರಿಸಿಕೊಳ್ಳಬೇಕು.

ಇಂಥ ಅಕ್ಷರಗಳು ಹುಟ್ಟಿದ್ದು ಏತಕ್ಕೆ

ಕೊಂಡಿಯಿಲ್ಲದ ಇಂಗ್ಲಿಷ್ ಅಚ್ಚಿನ ಮೊಳೆಗಳನ್ನು ಮೊದಲು ಮಾದರಿ ಪುಸ್ತಕದಲ್ಲಿ ತೋರಿಸಿದವರು ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್, ಅದು 1816ರಲ್ಲಿ. ಮುಂದೆ ಗೋಡೆಗೆ ಅಂಟಿಸುವ ಭಿತ್ತಿಪತ್ರಗಳ ಕಾಲ ಬಂದಿತು. ಕಾಗದದ ಅಗಲ ನಿಗದಿಯಾಗಿರುತ್ತಿತ್ತು, ಹೇಳಬೇಕಾದ ಮಾತು ಉದ್ದವಾಗಿರುತ್ತಿತ್ತು, ಓದುವವನು ಬೀದಿಯಾಚೆ ನಡೆದು ಹೋಗುತ್ತಿದ್ದ. ಅಕ್ಷರವನ್ನು ಎತ್ತರಿಸಿ, ಕಿರಿದುಗೊಳಿಸಿ, ದಪ್ಪ ಮಾಡುವುದೇ ಅದಕ್ಕೆ ಪರಿಹಾರವಾಯಿತು. ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ರೂಪಿಸಿದ ಆಲ್ಟರ್ನೇಟ್ ಗಾಥಿಕ್ ಈ ವರ್ಗದ ಹೆಸರಾಂತ ಅಕ್ಷರ. ನಮ್ಮ ಕಂಪ್ಯೂಟರುಗಳಲ್ಲಿ ಕಾಣುವ ಇಂಪ್ಯಾಕ್ಟ್ ಅಕ್ಷರವನ್ನು ಜೆಫ್ರಿ ಲೀ ರಚಿಸಿದ್ದು. ಅದು 1965ರಲ್ಲಿ ಲೋಹದ ಮೊಳೆಯಾಗಿ ಬಿಡುಗಡೆಯಾಯಿತು.

ಇವೆಲ್ಲ ಹುಟ್ಟಿದ್ದು ಕೆಲವೇ ಪದಗಳನ್ನು ದೂರದಿಂದ ಒಂದು ನೋಟದಲ್ಲಿ ಓದಿಸುವುದಕ್ಕೆ. ಪುಸ್ತಕದ ಪುಟ ತುಂಬುವುದಕ್ಕಲ್ಲ.

ಕನ್ನಡ ಲಿಪಿಗೆ ಅನ್ವಯಿಸುವಾಗ

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೆಚ್ಚಿನವು ನೇರ ಕಂಬಗಳಿಂದ ಆದವು. ಕಂಬಗಳನ್ನು ಹತ್ತಿರ ತಂದರೂ ಅಕ್ಷರದ ಗುರುತು ಕೆಡುವುದಿಲ್ಲ. ಕನ್ನಡ ಅಕ್ಷರಗಳ ಗುರುತು ಇರುವುದು ದುಂಡಿನಲ್ಲಿ, ದುಂಡಿನ ಒಳಗಿನ ಬಯಲಿನಲ್ಲಿ, ಬುಡದ ಸಣ್ಣ ಸೀಳಿನಲ್ಲಿ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವೆ ಇರುವ ಭೇದ ಒಂದು ಚಿಕ್ಕ ಸೀಳು ಮಾತ್ರ. ರ ಮತ್ತು ಠ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಪಕಾರದ ಒಳಗೆ ಒಂದು ಗೆರೆ ಸೇರಿದರೆ ಷಕಾರ, ಬುಡದಲ್ಲಿ ಸೀಳು ಬಂದರೆ ಫಕಾರ.

ಗೆರೆಯನ್ನು ದಪ್ಪ ಮಾಡಿ ಅಗಲವನ್ನು ಕಡಿಮೆ ಮಾಡಿದಾಗ ಮೊದಲು ಮುಚ್ಚಿಹೋಗುವುದು ಈ ಸೀಳು, ಚುಕ್ಕೆ ಮತ್ತು ಬಯಲುಗಳೇ. 'ಧಾನ್ಯ ಭಂಡಾರ' ಎಂಬ ಫಲಕ ರಸ್ತೆಯಾಚೆಯಿಂದ 'ದಾನ್ಯ ಬಂಡಾರ' ಎಂದು ಕಾಣುತ್ತದೆ. 'ಮಿಠಾಯಿ' ಎಂಬಲ್ಲಿ ಠಕಾರದ ಹೊಟ್ಟೆ ಪೂರ್ತಿ ಕಪ್ಪಾಗಿ ಬರಿಯ ಗುಂಡು ಉಳಿಯುತ್ತದೆ. ಚಂದಕವಾಡಿ, ಗುಂಡ್ಲುಪೇಟೆ ಎರಡರಲ್ಲಿಯೂ ಇರುವ ಅನುಸ್ವಾರದ ಸೊನ್ನೆ ತೂತು ಮುಚ್ಚಿ ಶಾಯಿಯ ಕಲೆಯಂತಾಗುತ್ತದೆ. ಊರಿನವರು ರೂಢಿಯಿಂದ ಓದಿಕೊಳ್ಳುತ್ತಾರೆ, ನಿಜ. ಆದರೆ ಫಲಕವನ್ನು ಹಾಕಿಸುವುದೇ ನಮ್ಮನ್ನು ಅರಿಯದ ಹೊಸ ಗಿರಾಕಿಗಾಗಿ ಅಲ್ಲವೇ?

ಇನ್ನೊಂದು ವಿಷಯ. ಕೊಂಡಿಯಿಲ್ಲದ ಅಕ್ಷರ ಬೇಕೆಂದು ಕೆಲವರು ಕನ್ನಡದ ತಲೆಕಟ್ಟನ್ನೇ ಕತ್ತರಿಸಿಬಿಡುತ್ತಾರೆ. ತಲೆಕಟ್ಟು ಅಲಂಕಾರವಲ್ಲ, ಅಕ್ಷರದ ಅಂಗ. ಗುಡಿಸು, ಏತ್ವಗಳು ಅದರ ಆಧಾರದಿಂದಲೇ ತಮ್ಮ ಸ್ಥಾನವನ್ನು ಪಡೆಯುತ್ತವೆ. ಕನ್ನಡದ ಮಟ್ಟಿಗೆ ಕೊಂಡಿಯಿಲ್ಲದ ಅಕ್ಷರವೆಂದರೆ ಗೆರೆಯ ದಪ್ಪ ಆದಿಯಿಂದ ಅಂತ್ಯದವರೆಗೆ ಹೆಚ್ಚು ಕಡಿಮೆ ಒಂದೇ ಸಮನಾಗಿರುವ ಅಕ್ಷರವೆಂದು ತಿಳಿಯತಕ್ಕದ್ದು.

ಹಿಸುಕುವುದು ಬೇರೆ, ರಚಿಸುವುದು ಬೇರೆ

ಫಲಕ ಮಾಡಿಸುವಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು ಇದು. ಹೆಸರು ಅಗಲಕ್ಕೆ ಹಿಡಿಸದಿದ್ದಾಗ ಕಂಪ್ಯೂಟರಿನ ಮುಂದೆ ಕುಳಿತವರು ಅಕ್ಷರಗಳ ಸಾಲನ್ನು ಎರಡು ಪಕ್ಕದಿಂದ ಹಿಸುಕುತ್ತಾರೆ. ಅಗಲವನ್ನು ಶೇ 60ಕ್ಕೆ ಇಳಿಸಿದರೆ ನಿಂತ ಗೆರೆಗಳ ದಪ್ಪವೂ ಶೇ 60ಕ್ಕೆ ಇಳಿಯುತ್ತದೆ. ಅಡ್ಡ ಗೆರೆಗಳ ದಪ್ಪ ಹಾಗೆಯೇ ಉಳಿಯುತ್ತದೆ. ದುಂಡಾದ ಕನ್ನಡ ಅಕ್ಷರ ಹೀಗೆ ಮೇಲೆ ಕೆಳಗೆ ದಪ್ಪ, ಪಕ್ಕಗಳಲ್ಲಿ ಸೊರಗಿದ ಆಕಾರಕ್ಕೆ ಬರುತ್ತದೆ. ಸೊರಗಿದ್ದನ್ನು ಸರಿಪಡಿಸಲು ಸುತ್ತಲೂ ಒಂದು ಅಂಚುಗೆರೆಯನ್ನು ಕೊಡುತ್ತಾರೆ. ಆ ಅಂಚುಗೆರೆ ಹೊರಗೆ ಬೆಳೆದಂತೆ ಒಳಗೂ ಬೆಳೆದು, ಉಳಿದಿದ್ದ ಅಲ್ಪ ಬಯಲನ್ನೂ ನುಂಗುತ್ತದೆ.

ಕಿರಿದಾಗಿಯೇ ರಚಿಸಿದ ಅಕ್ಷರದಲ್ಲಿ ಹೀಗಾಗುವುದಿಲ್ಲ. ಅಲ್ಲಿ ರಚನಕಾರರು ಪ್ರತಿ ಅಕ್ಷರದ ಗೆರೆಯನ್ನೂ ಬಯಲನ್ನೂ ಬೇರೆ ಬೇರೆಯಾಗಿ ತೂಗಿ, ಗೆರೆಗಳು ಕೂಡುವ ಕಡೆ ತೆಳುಗೊಳಿಸಿ, ಸೀಳು ಮತ್ತು ಚುಕ್ಕೆಗಳಿಗೆ ಸ್ಥಳ ಉಳಿಸಿರುತ್ತಾರೆ. ಹಿಂದಿನ ಕುಂಚದ ಕಲಾವಿದರು ಸುಣ್ಣದ ಗೋಡೆಯ ಮೇಲೆ ದಾರ ಹಿಡಿದು ಗೆರೆ ಎಳೆದು ಬರೆಯುವಾಗ ಇದನ್ನೇ ಮಾಡುತ್ತಿದ್ದರು. ಜಾಗ ಕಡಿಮೆಯಾದರೆ ಅವರು ಅಕ್ಷರವನ್ನು ಹೊಸದಾಗಿ ಬರೆಯುತ್ತಿದ್ದರೇ ಹೊರತು ಬರೆದದ್ದನ್ನು ಹಿಸುಕಲು ಅವರಿಗೆ ಸಾಧ್ಯವಿರಲಿಲ್ಲ.

ಕನ್ನಡದಲ್ಲಿ ಇಂಥ ಅಕ್ಷರಗಳು ಈಗ ಸಿಗುತ್ತವೆ. ಏಕ್ ಟೈಪ್ ಸಂಸ್ಥೆಯವರ ಅನೇಕ್ ಕನ್ನಡ 2022ರಿಂದ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತಿದೆ. ಅದರಲ್ಲಿ ಗೆರೆಯ ದಪ್ಪ ಮತ್ತು ಅಕ್ಷರದ ಅಗಲ ಎರಡನ್ನೂ ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳಬಹುದು. ನೋಟೋ ಸ್ಯಾನ್ಸ್ ಕನ್ನಡದಲ್ಲಿಯೂ ಕಿರಿದಾದ ಬಗೆಗಳಿವೆ. ಅದೇ ಏಕ್ ಟೈಪ್‌ನವರ ಬಾಲೂ ತಮ್ಮ ದಪ್ಪವಾದ ಅಕ್ಷರ, ಆದರೆ ಕಿರಿದಲ್ಲ. ಗುಂಡ್ಲುಪೇಟೆಯಂಥ ಗಿಡ್ಡ ಹೆಸರುಗಳಿಗೆ ಒಗ್ಗುತ್ತದೆ. ಈ ಮೂರನ್ನೂ ಮುಕ್ತ ಪರವಾನಗಿಯಡಿ ವ್ಯಾಪಾರದ ಕೆಲಸಕ್ಕೆ ಶುಲ್ಕವಿಲ್ಲದೆ ಬಳಸಬಹುದು. ಮೇಲೆ ಹೇಳಿದ ಇಂಪ್ಯಾಕ್ಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಅದನ್ನು ಆರಿಸಿ ಕನ್ನಡ ಬೆರಳಚ್ಚು ಮಾಡಿದರೆ ಕಂಪ್ಯೂಟರು ತನಗೆ ಸಿಕ್ಕ ಬೇರೊಂದು ಅಕ್ಷರವನ್ನು ಹಾಕುತ್ತದೆ. ಮೂಡಿದ ಅಕ್ಷರ ನಾವು ಆರಿಸಿದ್ದಲ್ಲ ಎಂಬುದು ಅನೇಕರಿಗೆ ತಿಳಿಯುವುದೇ ಇಲ್ಲ.

ಫಲಕದ ಲೆಕ್ಕ

ಫಲಕದ ಕಸುಬಿನಲ್ಲಿ ಒಂದು ಅಂದಾಜು ಲೆಕ್ಕವಿದೆ: ಅಕ್ಷರದ ಎತ್ತರ ಒಂದು ಅಂಗುಲವಿದ್ದರೆ ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದು. ಇದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಹೇಳಿದ ಲೆಕ್ಕ. ಕನ್ನಡಕ್ಕೆ ಅನ್ವಯಿಸುವಾಗ ಒತ್ತನ್ನು ಬಿಟ್ಟು ಮೂಲಾಕ್ಷರದ ಎತ್ತರವನ್ನು ಮಾತ್ರ ಹಿಡಿಯಬೇಕು.

ಹತ್ತು ಅಡಿ ಅಗಲ ಎರಡು ಅಡಿ ಎತ್ತರದ ಫಲಕವೊಂದರಲ್ಲಿ ನಿಮ್ಮ ಹೆಸರು ಸಾಮಾನ್ಯ ಅಕ್ಷರದಲ್ಲಿ ಒಂದೂವರೆ ಅಡಿ, ಅಂದರೆ 18 ಅಂಗುಲ ಎತ್ತರಕ್ಕೆ ಬಂದಾಗ ಹತ್ತು ಅಡಿಯೂ ತುಂಬಿತೆನ್ನಿ. ಓದುವ ದೂರ 180 ಅಡಿ. ಅಗಲ ಮುಕ್ಕಾಲು ಪಾಲಿನಷ್ಟಿರುವ ಕಿರಿದಾದ ಅಕ್ಷರವನ್ನು ಬಳಸಿದರೆ ಅದೇ ಹತ್ತು ಅಡಿಯಲ್ಲಿ ಎತ್ತರ 24 ಅಂಗುಲಕ್ಕೆ ಏರುತ್ತದೆ. ಓದುವ ದೂರ 240 ಅಡಿಯಾಗುತ್ತದೆ. ಫಲಕದ ಖರ್ಚು ಹೆಚ್ಚಲಿಲ್ಲ, ದೂರ ಅರವತ್ತು ಅಡಿ ಹೆಚ್ಚಿತು. ಆದರೆ ಹೆಸರಿನಲ್ಲಿ ಒತ್ತಕ್ಷರವಿದ್ದು, ಎರಡು ಅಡಿಯಲ್ಲಿ ಮೂರನೇ ಒಂದು ಪಾಲು ಅದಕ್ಕೆ ಹೋದರೆ ಮೂಲಾಕ್ಷರಕ್ಕೆ ಉಳಿಯುವುದು 16 ಅಂಗುಲ. ಓದುವ ದೂರ 160 ಅಡಿ. ಅಕ್ಷರವನ್ನು ಎಷ್ಟೇ ಕಿರಿದಾಗಿಸಿದರೂ ಈ 16 ಅಂಗುಲ ಹೆಚ್ಚುವುದಿಲ್ಲ. ಅಲ್ಲಿ ಬೇಕಾಗಿರುವುದು ಹೆಚ್ಚು ಎತ್ತರದ ಫಲಕ, ಇಲ್ಲವೇ ಒತ್ತಕ್ಷರಗಳಿಗೆ ಮಿತವಾದ ಸ್ಥಳ ಹಿಡಿಯುವ ಅಕ್ಷರ ಶೈಲಿ.

ಹೆದ್ದಾರಿಯ ಪಕ್ಕದ ಅಂಗಡಿಗಳಿಗೆ ಈ ಲೆಕ್ಕ ಇನ್ನೂ ಮುಖ್ಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. 50 ಮೀಟರ್ ದೂರದಿಂದ ಕಾಣುವ ಫಲಕವನ್ನು ಓದಿ, ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಚಾಲಕನಿಗೆ ಸಿಗುವುದು ಮೂರೇ ಸೆಕೆಂಡು. ಗುಂಡ್ಲುಪೇಟೆಯಲ್ಲಿ ಊಟಿಯ ದಾರಿಯೂ ಸುಲ್ತಾನ್ ಬತ್ತೇರಿಯ ದಾರಿಯೂ ಕವಲೊಡೆಯುತ್ತವೆ. ಬಂಡೀಪುರದ ಕಾಡುದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಗೇಟು ಮುಚ್ಚುವ ಮುನ್ನ ದಾಟುವ ಅವಸರದಲ್ಲಿರುವ ಚಾಲಕನಿಗೆ ಐದು ಸಾಲಿನ ಫಲಕವನ್ನು ಓದುವ ವ್ಯವಧಾನವಿರುವುದಿಲ್ಲ. ಅಂಗಡಿಯ ಹೆಸರು ಮತ್ತು ವ್ಯಾಪಾರದ ಬಗೆ, ಇವೆರಡನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿಸಿ. ವಿಳಾಸ, ದೂರವಾಣಿ ಸಂಖ್ಯೆ, ಸರಕಿನ ಪಟ್ಟಿಗಳು ಸಾಮಾನ್ಯ ಅಕ್ಷರದಲ್ಲಿರಲಿ. ಎಲ್ಲವೂ ದಪ್ಪವಾದರೆ ಯಾವುದೂ ಎದ್ದು ಕಾಣುವುದಿಲ್ಲ.

ಒಳಗಿನಿಂದ ದೀಪ ಉರಿಯುವ ಫಲಕಗಳಲ್ಲಿ ಬೆಳಕು ಅಕ್ಷರದ ಅಂಚನ್ನು ಮೀರಿ ಹರಡುವುದರಿಂದ ಬಯಲುಗಳು ರಾತ್ರಿಯಲ್ಲಿ ಇನ್ನಷ್ಟು ಕಿರಿದಾಗಿ ಕಾಣುತ್ತವೆ. ಇಂಥ ಕಡೆ ಅತಿ ದಪ್ಪದ ಬದಲು ಒಂದು ಮೆಟ್ಟಿಲು ಕಡಿಮೆ ದಪ್ಪದ ಅಕ್ಷರವನ್ನು ಆರಿಸುವುದು ಲೇಸು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧ ಬಂದಿತೆಂಬುದನ್ನೂ ಸದಸ್ಯರು ನೆನಪಿನಲ್ಲಿಡುವುದು ಒಳ್ಳೆಯದು. ತಗಡು, ಗೋಡೆ ಬರಹ, ಬಟ್ಟೆ ಇವುಗಳ ಮೇಲೆ ಮಾಡಿಸಿದ ಕೆಲಸ ಹಲವು ವರ್ಷ ನಿಲ್ಲುವುದರಿಂದ ಅಕ್ಷರವನ್ನು ಆರಿಸಲು ಒಂದು ದಿನ ಹೆಚ್ಚು ತೆಗೆದುಕೊಂಡರೂ ನಷ್ಟವಿಲ್ಲ.

ಚೀಲ ಮತ್ತು ಪೊಟ್ಟಣಗಳ ಮೇಲೆ

ಅರಿಶಿನ, ತರಕಾರಿ, ಧಾನ್ಯಗಳ ಚೀಲಗಳ ಮೇಲಿನ ಮುದ್ರಣದಲ್ಲಿ ಶಾಯಿ ನೇಯ್ಗೆಯ ಎಳೆಗಳಲ್ಲಿ ಹರಡುತ್ತದೆ. ಪರದೆಯ ಮೇಲೆ ಸ್ಪಷ್ಟವಾಗಿ ಕಂಡ ಸೀಳು ಚೀಲದ ಮೇಲೆ ಮಾಯವಾಗುತ್ತದೆ. ಅಕ್ಷರದೊಳಗಿನ ಅತಿ ಚಿಕ್ಕ ಬಯಲು ಗೆರೆಯ ದಪ್ಪದ ಅರ್ಧಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಅನುಭವದಿಂದ ಬಂದ ಒಂದು ಅಳತೆ. ತಗಡಿನ ಅಚ್ಚು ಕತ್ತರಿಸಿ ಬಣ್ಣ ಬಳಿಯುವವರು ದುಂಡಿನ ಒಳಭಾಗ ಉದುರಿ ಬೀಳದಂತೆ ಸೇತುವೆಯ ಪಟ್ಟಿಗಳನ್ನು ಬಿಡಬೇಕಾಗುತ್ತದೆ. ಆ ಪಟ್ಟಿಯೇ ಸೀಳಿನಂತೆ ಕಂಡು ದಕಾರ ಧಕಾರವಾಗದಿರುವಂತೆ ಅದನ್ನು ಬುಡದಲ್ಲಿ ಬಿಡದೆ ಪಕ್ಕದಲ್ಲಿ ಬಿಡಬೇಕು.

ಪೊಟ್ಟಣದ ವಿಷಯದಲ್ಲಿ ಇದನ್ನು ಬರೆಯುತ್ತಿರುವವನೂ ಒಮ್ಮೆ ಪಾಠ ಕಲಿತಿದ್ದಾನೆ. ಹಪ್ಪಳದ ಪೊಟ್ಟಣಕ್ಕೆ ಹೆಸರನ್ನು ಆದಷ್ಟು ದೊಡ್ಡದಾಗಿ, ಬುಡದವರೆಗೂ ತುಂಬುವಂತೆ ಹಾಕಿಸಲಾಯಿತು. ಕಂಪ್ಯೂಟರಿನಲ್ಲಿ ನೋಡಿದಾಗ ಎಲ್ಲರಿಗೂ ಸಂತೋಷವೇ. ಪೊಟ್ಟಣಕ್ಕೆ ಬುಡದಲ್ಲಿ ಬಿಸಿ ಒತ್ತಿ ಸೀಲು ಮಾಡುತ್ತಾರೆಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಸೀಲಿನ ಸುಕ್ಕಿನೊಳಗೆ ಪಕಾರದ ಒತ್ತು ಪೂರ್ತಿ ಸೇರಿಹೋಗಿ, ಅಂಗಡಿಗಳ ಸಾಲಿನಲ್ಲಿ ನಮ್ಮ ಸರಕು 'ಹಪಳ'ವಾಗಿ ನಿಂತಿತು. ಗ್ರೇವರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯಬೇಕು. ತಿದ್ದುಪಡಿಯೆಂದರೆ ಮತ್ತೆ ಕೊರೆಯುವ ಖರ್ಚು, ಮುದ್ರಿತವಾದ ಸುರುಳಿಗಳ ನಷ್ಟ. ಅಳತೆ ಕೊಡದೆ ಒಪ್ಪಿಗೆ ಕೊಟ್ಟವರು ನಾವೇ ಆದುದರಿಂದ ಮುದ್ರಕರನ್ನು ದೂರುವಂತಿರಲಿಲ್ಲ.

ಕಾನೂನಿನ ಎರಡು ಅಂಶಗಳು

ಮೊದಲನೆಯದು ಪೊಟ್ಟಣಕ್ಕೆ ಸಂಬಂಧಿಸಿದ್ದು. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ಘೋಷಣೆಗಳಲ್ಲಿ ಅಕ್ಷರ ಅಥವಾ ಅಂಕಿಯ ಅಗಲವು ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಕೂಡದು. 1 ಎಂಬ ಅಂಕಿಗೂ ಇಂಗ್ಲಿಷಿನ ಐ, ಎಲ್ ಅಕ್ಷರಗಳಿಗೂ ವಿನಾಯಿತಿಯುಂಟು. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದವನ್ನು ಚಿಕ್ಕ ಜಾಗದಲ್ಲಿ ತುರುಕಲು ಅತಿಯಾಗಿ ಹಿಸುಕಿದ ಅಕ್ಷರ ಬಳಸಿದರೆ ಎತ್ತರ ಸರಿಯಿದ್ದರೂ ನಿಯಮದ ಉಲ್ಲಂಘನೆಯಾಗುತ್ತದೆ. 3 ಮಿಲಿಮೀಟರ್ ಎತ್ತರದ ಅಂಕಿಗೆ 1 ಮಿಲಿಮೀಟರ್ ಅಗಲವಾದರೂ ಇರಲೇಬೇಕು. ಈ ಘೋಷಣೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಅವುಗಳ ಜೊತೆಗೆ ಕನ್ನಡವನ್ನೂ ಬಳಸಲು ಅಡ್ಡಿಯಿಲ್ಲ.

ಎರಡನೆಯದು ನಾಮಫಲಕಕ್ಕೆ ಸಂಬಂಧಿಸಿದ್ದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. 24 ಅಂಗುಲ ಎತ್ತರದ ಫಲಕದಲ್ಲಿ ಎರಡು ಭಾಷೆಗಳನ್ನು ಒಂದರ ಕೆಳಗೊಂದು ಹಾಕುವುದಾದರೆ ಕನ್ನಡದ ಪಾಲು ಸುಮಾರು ಹದಿನಾಲ್ಕೂವರೆ ಅಂಗುಲ, ಉಳಿದ ಒಂಬತ್ತೂವರೆ ಅಂಗುಲ ಇತರ ಭಾಷೆಗೆ. ಎತ್ತರ ಹೀಗೆ ಹಂಚಿಹೋದಾಗ ಅಗಲಕ್ಕೆ ಬರ ಇರುವುದಿಲ್ಲ. ಇಂಥ ಫಲಕದಲ್ಲಿ ಕನ್ನಡವನ್ನು ಹಿಸುಕಲು ಕಾರಣವೇ ಇಲ್ಲ.

ನಮ್ಮ ಜಿಲ್ಲೆ ಕೇರಳ, ತಮಿಳುನಾಡುಗಳ ಗಡಿಗೆ ಹೊಂದಿಕೊಂಡಿರುವುದರಿಂದ ಕೆಲವರಿಗೆ ಮಲಯಾಳಂ, ತಮಿಳು ಅಕ್ಷರಗಳೂ ಬೇಕಾಗುತ್ತವೆ. ಮಲಯಾಳಂ ಕೂಡ ಕನ್ನಡದಂತೆ ದುಂಡಾದ ಲಿಪಿಯೇ. ಒಂದೊಂದು ಭಾಷೆಗೆ ಒಂದೊಂದು ಶೈಲಿ ಹಾಕಿದರೆ ಫಲಕ ಸಂತೆಯಂತೆ ಕಾಣುತ್ತದೆ. ಅನೇಕ್ ಬಳಗದಲ್ಲಿ ಕನ್ನಡ, ತಮಿಳು, ಮಲಯಾಳಂ, ಇಂಗ್ಲಿಷ್ ಎಲ್ಲವೂ ಒಂದೇ ಅಳತೆ, ಒಂದೇ ತೂಕದಲ್ಲಿ ರಚಿತವಾಗಿರುವುದು ಗಡಿಭಾಗದ ವರ್ತಕರಿಗೆ ಅನುಕೂಲ.

ಕೆಲಸ ಒಪ್ಪಿಸುವ ಮುನ್ನ

1. ಹೆಸರನ್ನು ಬರೆದು ಅಕ್ಷರ ಎಣಿಸಿ, ಒತ್ತಕ್ಷರಗಳಿವೆಯೇ ನೋಡಿ. ಉದ್ದ ಹೆಸರಾಗಿ ಒತ್ತಿಲ್ಲದಿದ್ದರೆ ಕಿರಿದಾದ ಅಕ್ಷರ. ಗಿಡ್ಡ ಹೆಸರಾಗಿ ಒತ್ತಿದ್ದರೆ ಸಾಮಾನ್ಯ ಅಗಲದ ದಪ್ಪಕ್ಷರ.

2. "ಹಿಸುಕಬೇಡಿ, ಕಿರಿದಾಗಿಯೇ ರಚಿಸಿದ ಅಕ್ಷರ ಹಾಕಿ" ಎಂದು ಸ್ಪಷ್ಟವಾಗಿ ಹೇಳಿ. ಅಂಚುಗೆರೆಯಿಂದ ದಪ್ಪ ಮಾಡಿಸಬೇಡಿ.

3. ಒಪ್ಪಿಗೆ ಕೊಡುವ ಮೊದಲು ನಿಜವಾದ ಅಳತೆಯಲ್ಲಿ ಹೆಸರಿನ ಎರಡು ಅಕ್ಷರಗಳನ್ನಾದರೂ ಕಾಗದದ ಮೇಲೆ ತೆಗೆಸಿ, ರಸ್ತೆಯಾಚೆ ನಿಂತು ನೋಡಿ. ನಿಮ್ಮ ಅಂಗಡಿಯ ಹೆಸರು ತಿಳಿಯದ ಒಬ್ಬರಿಂದ ಓದಿಸಿ.

4. ಪೊಟ್ಟಣವಾದರೆ ಸೀಲು, ಮಡಿಕೆ, ಕತ್ತರಿಸುವ ಗೆರೆಗಳ ಅಳತೆಯನ್ನು ಮುದ್ರಕರಿಂದ ಬರಹದಲ್ಲಿ ಪಡೆಯಿರಿ. ಅದರೊಳಗೆ ಒತ್ತು, ಕೊಂಬುಗಳು ಬರದಿರಲಿ.

5. ಕಾಗುಣಿತ ತಿದ್ದಿದ ಮೇಲೆ ಅಕ್ಷರಗಳನ್ನು ಆಕೃತಿಯಾಗಿ ಪರಿವರ್ತಿಸಿ ಕಡತ ಕಳುಹಿಸಿ. ಹಳೆಯ ನುಡಿ, ಬರಹಗಳ ಕಡತವನ್ನು ಯೂನಿಕೋಡ್ ಅಕ್ಷರಕ್ಕೆ ಬದಲಿಸಿದರೆ ಪಠ್ಯ ಕೆಡುವುದುಂಟು. ಮತ್ತೊಮ್ಮೆ ಓದಿ ನೋಡಿ.

ಅಂಗಡಿಗೆ ಬಂದ ಗಿರಾಕಿಯೊಡನೆ ನಾವು ಸ್ಪಷ್ಟವಾಗಿ ಮಾತನಾಡುತ್ತೇವೆ. ಇನ್ನೂ ಬಾರದಿರುವ ಗಿರಾಕಿಯೊಡನೆ ನಮ್ಮ ಪರವಾಗಿ ಮಾತನಾಡುವುದು ಫಲಕ. ಅದರ ಮಾತೂ ತೊದಲದಿರಲಿ ಎಂಬುದಷ್ಟೇ ಈ ಬರಹದ ಆಶಯ. ಸದಸ್ಯರು ಮುಂದಿನ ಬಾರಿ ಫಲಕವನ್ನೋ ಪೊಟ್ಟಣವನ್ನೋ ಮಾಡಿಸುವಾಗ ಮೇಲಿನ ಐದು ಅಂಶಗಳನ್ನು ಒಮ್ಮೆ ಪರಿಶೀಲಿಸಿ ನೋಡುವರೆಂದು ಆಶಿಸಲಾಗಿದೆ.